ಗುರುತಿಲ್ಲದ ನೀರು

ಮೇ ಹದಿನಾಲ್ಕರ ಬೆಳಿಗ್ಗೆ ಲೋಲಾಕ್ಷಿ ಕುಂದರ್ ಹಿಂದಿನ ಜಗಲಿಯಲ್ಲಿ ಕೂತು ದೋಸೆ ತಿನ್ನುತ್ತಿದ್ದಾಗ ಅವಳ ಫೋನಿಗೆ ವರ್ಷದ ನೀರುಳಿತಾಯ ವರದಿ ಬಂತು. ಮೊದಲ ಪುಟದಲ್ಲಿ ಅವಳ ಹೆಸರು, 'ನಕ್ಷತ್ರ ಐಸ್ ಪ್ಲಾಂಟ್, ಕೋಡಿಪಡು ಬಂದರು' ಎಂಬ ವಿಳಾಸ, ನೀರು ಬಳಕೆಯ ಪರವಾನಗಿ ಸಂಖ್ಯೆ. ಎರಡನೆಯ ಪುಟದಲ್ಲಿ ಒಂದು ಸಾಲು ಮಾತ್ರ ಕೆಂಪಾಗಿತ್ತು: ಜನವರಿಯಿಂದೀಚೆಗೆ ಪ್ಲಾಂಟಿನ ಚರಂಡಿಗೆ ಹರಿದ ನೀರಿನಲ್ಲಿ ನೂರಕ್ಕೆ ಮೂವತ್ತು ಪಾಲು ಗುರುತಿಲ್ಲದ್ದು.

"ಎಂತ ಇದು?" ಎಂದು ಫೋನನ್ನು ಗಂಡನ ಕಡೆ ತಿರುಗಿಸಿದಳು.

ಭುಜಂಗ ಕಾವಲಿಗೆ ಹಿಟ್ಟು ಹೊಯ್ಯುತ್ತಿದ್ದ. ಇಪ್ಪತ್ತೆಂಟು ವರ್ಷ ಬೋಟ್ ನಡೆಸಿ, ಮೊಣಕಾಲು ಕೈಕೊಟ್ಟ ಮೇಲೆ ಅಡುಗೆಮನೆಯ ಚುಕ್ಕಾಣಿ ಹಿಡಿದಿದ್ದವನು. ಬಗ್ಗಿ ಓದಿ, "ಗುರುತಿಲ್ಲದ ನೀರು ಅಂದ್ರೆ ಕದ್ದ ನೀರಲ್ವಾ?" ಎಂದ. ಹೆಂಡತಿಯ ಮುಖ ನೋಡಿದ ಕೂಡಲೇ, "ನಾನು ಹೇಳಿದ್ದಲ್ಲ ಮಾರಾಯ್ತಿ, ಇಲ್ಲಿ ಬರ್ದದ್ದು" ಎಂದು ಸೇರಿಸಿದ.

ಹಿಂದೆಲ್ಲ ಈ ವರದಿಯನ್ನು ಪರವಾನಗಿ ಹೊಂದಿದವರೇ ಬರೆಯಬೇಕಿತ್ತು. ಎಷ್ಟು ನೀರು ಎತ್ತಿದಿರಿ, ಯಾವುದಕ್ಕೆ ಬಳಸಿದಿರಿ, ಹೇಗೆ ಉಳಿಸಿದಿರಿ ಎಂದು ಹದಿಮೂರು ಕಲಂಗಳು. ಉಳಿದವರು ಹಳೆಯ ವರ್ಷದ ಅಂಕಿಗಳನ್ನೇ ಸ್ವಲ್ಪ ತಿರುಚಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಲೋಲಾಕ್ಷಿ ಹಾಗಲ್ಲ. ಐಸ್ ಡಬ್ಬಿಗಳನ್ನು ಪೈಪಿನಿಂದ ತೊಳೆಯುವ ಬದಲು ತೊಟ್ಟಿಯಲ್ಲಿ ಅದ್ದಿ ತೊಳೆಯಲು ಶುರು ಮಾಡಿದ್ದು, ಸೋರುತ್ತಿದ್ದ ವಾಲ್ವನ್ನು ತಾನೇ ಬಿಚ್ಚಿ ವಾಷರ್ ಹಾಕಿದ್ದು, ಎಲ್ಲವನ್ನೂ ಎರಡೆರಡು ಹೆಚ್ಚುವರಿ ಹಾಳೆ ಅಂಟಿಸಿ ಬರೆಯುತ್ತಿದ್ದಳು. ಮೂರು ವರ್ಷ ಸತತವಾಗಿ ಬಂದರಿನ ಅತ್ಯುತ್ತಮ ನೀರುಳಿತಾಯಗಾರ್ತಿ ಎಂಬ ಪ್ರಮಾಣಪತ್ರ ಅವಳಿಗೇ ಸಿಕ್ಕಿತ್ತು. ಈಗ ಅವಳನ್ನೇ ಕಳ್ಳಿ ಎನ್ನುತ್ತಿತ್ತು ಈ ಕೆಂಪು ಸಾಲು.

ಕಳೆದ ಜೂನ್‌ನಿಂದ ವರದಿ ಬರೆಯುವ ಕೆಲಸ ಯಂತ್ರದ ಪಾಲಾಗಿತ್ತು. ಕರಾವಳಿಯಲ್ಲಿ ಬೋರ್‌ವೆಲ್ ನಿಷೇಧವಾಗಿ ಹತ್ತು ವರ್ಷ ಕಳೆದರೂ ಕದ್ದು ಎತ್ತುವವರು ಎತ್ತುತ್ತಲೇ ಇದ್ದರು, ಸಮುದ್ರದ ಉಪ್ಪು ನೆಲದೊಳಗೆ ಮುಂದೆ ಮುಂದೆ ಬರುತ್ತಲೇ ಇತ್ತು. ಅದಕ್ಕೆ ವಿಜ್ಞಾನಿಗಳು ನೀರಿಗೇ ಗುರುತು ಹಾಕುವ ಉಪಾಯ ಕಂಡುಹಿಡಿದರು. ಪರವಾನಗಿ ಇರುವ ಪ್ರತಿಯೊಂದು ನಲ್ಲಿಯ ಬಾಯಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಅದರಿಂದ ಕಣ್ಣಿಗೆ ಕಾಣದ ಗಾಜಿನ ಮಣಿಗಳು ನೀರಿಗೆ ಬೀಳುತ್ತವೆ. ಪ್ರತಿ ಮಣಿಯೊಳಗೂ ಪ್ರಯೋಗಾಲಯದಲ್ಲಿ ಹೆಣೆದ ಡಿಎನ್ಎ ಎಳೆ, ಒಬ್ಬೊಬ್ಬ ಪರವಾನಗಿದಾರನಿಗೂ ಬೇರೆ ಬೇರೆ. ಕುಡಿದರೂ ಏನೂ ಆಗುವುದಿಲ್ಲ, ರುಚಿಯೂ ಗೊತ್ತಾಗುವುದಿಲ್ಲ. ನೀರು ಐಸ್ ಆದರೆ ಗುರುತು ಐಸಿನೊಳಗೇ ಉಳಿಯುತ್ತದೆ, ಕರಗಿದರೆ ಜೊತೆಗೇ ಹೊರಡುತ್ತದೆ. ಚರಂಡಿಯಲ್ಲಿ ಕೂತ ಓದುಯಂತ್ರ ಅದನ್ನು ಲೆಕ್ಕ ಹಿಡಿದು ಜಲ ಕೇಂದ್ರಕ್ಕೆ ಕಳಿಸುತ್ತದೆ. ಗುರುತಿಲ್ಲದ ನೀರು ಕಂಡರೆ ಅದು ನೆಲದಿಂದ ಬಂದಿರಬೇಕು, ಇಲ್ಲ ಆಕಾಶದಿಂದ. ಡಿಸೆಂಬರಿನಿಂದೀಚೆಗೆ ಕೋಡಿಪಡುವಿನಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ.

ಮೊದಲ ವರ್ಷ ಪ್ರಯೋಗಕ್ಕೆ ಆರಿಸಿದ ಹದಿನೇಳು ಪರವಾನಗಿದಾರರಲ್ಲಿ ಐಸ್ ಪ್ಲಾಂಟಿನವಳು ಲೋಲಾಕ್ಷಿ ಒಬ್ಬಳೇ. ಮೇ ಮೂವತ್ತರಂದು ವಿಚಾರಣೆ. ಅಷ್ಟರೊಳಗೆ ಗುರುತಿಲ್ಲದ ನೀರಿನ ಮೂಲ ಹೇಳದಿದ್ದರೆ ಒಂದು ವರ್ಷ ಪರವಾನಗಿ ಅಮಾನತು. ಮಳೆಗಾಲದ ನಿಷೇಧ ಮುಗಿದು ಆಗಸ್ಟ್ ಒಂದಕ್ಕೆ ಮೀನುಗಾರಿಕೆ ಮತ್ತೆ ಶುರುವಾದಾಗ ಅವಳ ಐಸನ್ನೇ ನಂಬಿದ ಅರವತ್ತು ಸಣ್ಣ ಬೋಟುಗಳು ಎಲ್ಲಿಗೆ ಹೋಗಬೇಕು?

*

ಉಡುಪಿಯ ಜಲ ಕೇಂದ್ರದ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಪರದೆಗಳು. ಹದಿನಾರು ಪರದೆಗಳಲ್ಲಿ ಹಸಿರು ಗೆರೆ, ಒಂದರಲ್ಲಿ ಕೆಂಪು. ಮುಖ್ಯ ಅಧಿಕಾರಿ ಇಂದಿರಾ ಪಡಿಯಾರ್ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಹೂಗಾರ್, ಇದು ನಿಮ್ಮ ಮೊದಲ ಕೇಸು. ಹೋಗಿ ಬೋರ್ ಹುಡುಕಿ ಬನ್ನಿ."

ಶಾಂತವೀರ ಹೂಗಾರ ಇಂಡಿ ತಾಲ್ಲೂಕಿನವನು, ಇಲ್ಲಿಗೆ ಎಂಜಿನಿಯರ್ ಆಗಿ ಬಂದು ಇನ್ನೂ ಇಪ್ಪತ್ತು ದಿನ. ಸೆಖೆ ಅವನಿಗೆ ಹೊಸತಲ್ಲ, ಆದರೆ ಅಂಗಿ ಮೈಗಂಟಿಕೊಳ್ಳುವ ಈ ಸೆಖೆ ಹೊಸತು. ದಿನಕ್ಕೆ ಮೂರು ಅಂಗಿ ಬದಲಿಸುತ್ತಿದ್ದ.

"ಮೇಡಂ, ಹಳೀ ವರದಿ ಎಲ್ಲಾ ಓದೇನ್ರಿ. ಒಂದು ವಾಷರ್ ಹಾಕಿದ್ದನ್ನ ಒಂದು ಪುಟ ಬರದಾರ. ಇಂಥಾ ಹೆಣ್ಮಗಳು ಕದಿತಾಳಂತ ಅನಸಂಗಿಲ್ರಿ."

"ನನಗೂ ಅನಿಸುವುದಿಲ್ಲ. ಆದರೆ ಓದುಯಂತ್ರಕ್ಕೆ ನಮ್ಮ ಅನಿಸಿಕೆ ಬೇಡ. ಇನ್ನೊಂದು ವಿಷಯ ನೋಡಿ." ಪಡಿಯಾರ್ ಒಂದು ಕಾಗದ ಮುಂದೆ ಸರಿಸಿದರು. ಪ್ಲಾಂಟಿನ ಪಕ್ಕದ ಮನೆಯಿಂದ ಬಂದ ದೂರು. ಎರಡು ವರ್ಷದಿಂದ ತಮ್ಮ ಬಾವಿ ಉಪ್ಪಾಗಿದೆ, ಐಸ್ ಪ್ಲಾಂಟಿನವರು ಕದ್ದು ನೀರೆಳೆಯುತ್ತಿರುವುದೇ ಕಾರಣ ಎಂದು ಈಗ ತಿಳಿಯಿತು, ಕ್ರಮ ಕೈಗೊಳ್ಳಿ ಎಂದಿತ್ತು. ಕೆಳಗೆ ದುಂಡಗಿನ ಅಕ್ಷರದಲ್ಲಿ ಸಹಿ: ಫ್ಲೋರಿನ್ ಡಿಮೆಲ್ಲೊ.

*

ದೂರಿನ ಸುದ್ದಿ ಲೋಲಾಕ್ಷಿಗೆ ಗೊತ್ತಾದದ್ದು ಹೂಗಾರನ ಬಾಯಿಂದಲೇ. ಅವಳು ಪ್ಲಾಂಟಿನ ಬಾಗಿಲಲ್ಲಿ ಗಟ್ಟಿಯಾಗಿ ನಿಂತು ಅವನನ್ನು ಎದುರುಗೊಂಡಿದ್ದಳು. ಹೆಸರು ಕೇಳಿದ ಮೇಲೆ ಐಸ್ ಡಬ್ಬಿಯ ಮೇಲೆ ಕೂತುಬಿಟ್ಟಳು.

"ಫ್ಲೋರಿನಾ? ನಮ್ಮ ಫ್ಲೋರಿನ್ ಬಾಯಿಯಾ?"

ಎರಡು ಮನೆಗಳ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಗೋಡೆ. ಮದುವೆಯಾಗಿ ಬಂದ ವರ್ಷ ಲೋಲಾಕ್ಷಿಗೆ ಐಸ್ ಪ್ಲಾಂಟಿನ ಅಮೋನಿಯಾ ವಾಸನೆಗೆ ತಲೆಸುತ್ತಿ ಬಂದಾಗ ತನ್ನ ಮನೆಯಲ್ಲಿ ಮಲಗಿಸಿಕೊಂಡು ನೋಡಿಕೊಂಡವಳು ಫ್ಲೋರಿನ್. ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಈಚೆ ಬರುತ್ತಿತ್ತು, ಚೌತಿಗೆ ಕಡುಬು ಆಚೆ ಹೋಗುತ್ತಿತ್ತು. ಮಾತಾಡಲು ಯಾರೂ ಗೋಡೆ ಸುತ್ತಿ ಗೇಟಿಗೆ ಬಂದದ್ದಿಲ್ಲ.

"ನೋಡಿ, ಎಲ್ಲಿ ಬೇಕಾದ್ರೂ ಹುಡುಕಿ" ಎಂದಳು ಲೋಲಾಕ್ಷಿ ಎದ್ದು. "ಹಾಂ, ಒಂದು ಬೋರ್ ಉಂಟು. ನನ್ನ ಮಾವನ ಕಾಲದ್ದು. ಪಂಪ್ ಶೆಡ್ಡಿನ ಅಡಿಯಲ್ಲಿ. ನಿಷೇಧ ಬಂದಾಗ ನಿಮ್ಮವರೇ ಬಂದು ಸಿಮೆಂಟ್ ಹಾಕಿ ಮುಚ್ಚಿದ್ದು. ನಾನು ಎಂತದೂ ಅಡಗಿಸುವುದಿಲ್ಲ."

ಹೂಗಾರ ಪಂಪ್ ಶೆಡ್ಡಿನ ಕಡೆ ನೋಡಿದ. ಇಂಥ ಹೆಂಗಸನ್ನು ಹಿಡಿದುಹಾಕಬೇಕಾದ ಗತಿ ಬಂತಲ್ಲ ಎಂದು ಅವನಿಗೆ ಸಂಕಟವಾಯಿತು. ಆದರೂ ಬೋರ್ ಇದೆ ಎಂದ ಮೇಲೆ ಒಡೆಯಲೇಬೇಕು.

ಮರುದಿನ ಹತ್ತು ಗಂಟೆಗೆ ಪಂಪ್ ಶೆಡ್ಡಿನ ಸುತ್ತ ಮೂವತ್ತು ಜನ ಸೇರಿದ್ದರು. ಫ್ಲೋರಿನ್ ಛತ್ರಿ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದಳು. ಲೋಲಾಕ್ಷಿಯನ್ನು ನೋಡಲಿಲ್ಲ. ಡ್ರಿಲ್ ಯಂತ್ರ ಸಿಮೆಂಟನ್ನು ಪುಡಿಮಾಡಿತು. ಅಡಿಯಲ್ಲಿ ತುಕ್ಕು ಹಿಡಿದ ಕೇಸಿಂಗ್ ಪೈಪು. ಕರೆಂಟಿನ ತಂತಿಯಿಲ್ಲ, ಪಂಪ್ ಇಲ್ಲ, ಒಳಗೆ ಜೇಡರ ಬಲೆ. ಹೂಗಾರ ಹಗ್ಗಕ್ಕೆ ಬಾಟಲಿ ಕಟ್ಟಿ ಇಳಿಬಿಟ್ಟು ನೀರು ತೆಗೆದು ಮೀಟರ್ ಅದ್ದಿದ. ಲೀಟರಿಗೆ ಒಂಬತ್ತು ಸಾವಿರದ ನಾನೂರು ಮಿಲಿಗ್ರಾಂ ಉಪ್ಪಿನಂಶ.

"ಇದ ಸಮುದ್ರದ ತಮ್ಮ ಇದ್ದಂಗದ" ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಹಾಗೆಯೇ ಫ್ಲೋರಿನ್‌ಳ ಬಾವಿಗೂ ಮೀಟರ್ ಇಳಿಸಿದ: ಸಾವಿರದ ಒಂಬೈನೂರು. ಚರಂಡಿಯ ನೀರು: ಎಪ್ಪತ್ತೆಂಟು. ನಲ್ಲಿಯಲ್ಲಿ ಬರುವ ನದಿ ನೀರು: ನೂರಾ ಹತ್ತು. ಎಲ್ಲವನ್ನೂ ಬರೆದುಕೊಂಡು ಸ್ಕೂಟರ್ ಹತ್ತಿದ.

"ಎಂತ ಆಯ್ತು? ಕಳ್ಳಿಯಾ, ಅಲ್ವಾ?" ಲೋಲಾಕ್ಷಿ ಎಲ್ಲರಿಗೂ ಕೇಳುವಂತೆ ಕೂಗಿ ಕೇಳಿದಳು.

"ಗೊತ್ತಾಗವಲ್ದ್ರಿ" ಎಂದ ಹೂಗಾರ ಪ್ರಾಮಾಣಿಕವಾಗಿ.

ಆ ಉತ್ತರದಿಂದ ಯಾರಿಗೂ ಸಮಾಧಾನವಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಲೋಲಾಕ್ಷಿ ಬಂಗುಡೆ ಸಾರಿನಲ್ಲಿ ಕೈಯಾಡಿಸುತ್ತ, "ಇನ್ನು ಅವಳ ಮನೆಯ ನೆರಳೂ ನನಗೆ ಬೇಡ" ಎಂದಳು.

"ಅವಳ ಮನೆಯ ನೆರಳು ಸಂಜೆ ನಮ್ಮ ಅಂಗಳಕ್ಕೇ ಬೀಳುವುದು" ಎಂದ ಭುಜಂಗ. "ಸೂರ್ಯನಿಗೆ ಹೇಳ್ಬೇಕಷ್ಟೆ."

ಅವಳಿಗೆ ನಗು ಬಂತು, ಆದರೆ ನಗಲಿಲ್ಲ.

*

"ಬೋರಿನ ನೀರು ಚರಂಡಿಗೆ ಸೇರಿದ್ರ ಚರಂಡಿ ಎಷ್ಟು ತೋರಿಸಬೇಕ್ರಿ?" ಹೂಗಾರ ನಿಯಂತ್ರಣ ಕೊಠಡಿಯ ಬಿಳಿಹಲಗೆಯ ಮೇಲೆ ಬರೆದ. "ಎಪ್ಪತ್ತು ಪಾಲು ನದಿ ನೀರು, ಮೂವತ್ತು ಪಾಲು ಬೋರಿನದು. ಮೂರು ಸಾವಿರದ ಹತ್ತಿರ ಬರಬೇಕು. ಬಂದದ್ದು ಎಪ್ಪತ್ತೆಂಟು. ನಲ್ಲಿ ನೀರಿಗಿಂತ ಕಡಿಮಿ!"

ಪಡಿಯಾರ್ ಕನ್ನಡಕ ಸರಿಮಾಡಿಕೊಂಡರು. "ಅಂದರೆ ಸೇರುತ್ತಿರುವ ನೀರಿನಲ್ಲಿ ಉಪ್ಪೇ ಇಲ್ಲ."

"ಇಲ್ಲರಿ. ಬಟ್ಟಿ ಇಳಿಸಿದ ನೀರಿನಂಗದ. ದಿನಕ್ಕ ಒಂದೂವರೆ ಸಾವಿರ ಲೀಟರ್."

"ದಿನಕ್ಕೆ ಒಂದೂವರೆ ಸಾವಿರ ಲೀಟರ್ ಶುದ್ಧ ನೀರನ್ನು ಎಲ್ಲಿಂದಲೋ ಕದ್ದು ತಂದು ಚರಂಡಿಗೆ ಸುರಿಯುವ ಕಳ್ಳಿ." ಪಡಿಯಾರ್ ತಲೆಯಲ್ಲಾಡಿಸಿದರು. "ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಕಳ್ಳರನ್ನು ನೋಡಿಲ್ಲ. ಓದುಯಂತ್ರ ಕೆಟ್ಟಿರಬಹುದು, ಬದಲಿಸಿ ನೋಡಿ."

ಬದಲಿಸಿದರು. ಹೊಸ ಯಂತ್ರವೂ ಅದನ್ನೇ ಹೇಳಿತು. ವಿಚಾರಣೆಗೆ ಎಂಟು ದಿನ ಉಳಿದಿತ್ತು.

ಇಪ್ಪತ್ತೆರಡರಂದು ಹೂಗಾರ ಮತ್ತೆ ಪ್ಲಾಂಟಿಗೆ ಹೋದ. ಈ ಸಲ ನೀರಿನ ದಾರಿ ಹಿಡಿದು ನಡೆಯುವುದೆಂದು ತೀರ್ಮಾನಿಸಿದ್ದ. ನಲ್ಲಿಯ ಬಾಯಿ, ತೊಟ್ಟಿ, ಡಬ್ಬಿಗಳು, ಅವನ್ನು ಮುಳುಗಿಸಿ ಐಸ್ ಕಟ್ಟಿಸುವ ಉಪ್ಪುನೀರಿನ ಟ್ಯಾಂಕು, ಎಲ್ಲ ಕಡೆಯೂ ಗುರುತು ಸರಿಯಾಗಿತ್ತು. ಕೊನೆಗೆ ಉಳಿದದ್ದು ಐಸ್ ದಾಸ್ತಾನಿನ ದೊಡ್ಡ ಕೋಣೆ. ಕಳೆದ ವರ್ಷ ಸಣ್ಣ ಬೋಟಿನವರಿಗೆ ಅನುಕೂಲವಾಗಲೆಂದು ಲೋಲಾಕ್ಷಿ ಸಮುದ್ರದ ಕಡೆಯ ಗೋಡೆ ಒಡೆದು ಅಗಲವಾದ ಬಾಗಿಲು ಮಾಡಿಸಿದ್ದಳು. ಬೆಳಗಿನಿಂದ ಸಂಜೆಯವರೆಗೆ ಆ ಬಾಗಿಲಿಗೆ ವಿರಾಮವಿರಲಿಲ್ಲ. ಒಬ್ಬರ ಹಿಂದೊಬ್ಬರು ಬುಟ್ಟಿ ಹಿಡಿದು ಬರುತ್ತಲೇ ಇದ್ದರು.

ಹೂಗಾರ ಒಳಗೆ ಇಪ್ಪತ್ತು ನಿಮಿಷ ಇದ್ದ. ಮೊದಲು ಹಾಯೆನಿಸಿತು, ಆಮೇಲೆ ಹಲ್ಲು ಕಟಕಟಿಸಿತು. ನೆಲ, ಗೋಡೆ, ಮಾಡಿನ ಕೆಳಗೆ ಗುಂಯ್ಗುಡುವ ನಾಲ್ಕು ಕೂಲರ್‌ಗಳು, ಎಲ್ಲ ನೋಡಿದ. ಏನೂ ಕಾಣದೆ ಆ ದೊಡ್ಡ ಬಾಗಿಲಿನಿಂದ ಹೊರಗೆ ಬಂದ.

ಬಂದವನಿಗೆ ಲೋಕವೇ ಬೆಳ್ಳಗಾಯಿತು.

ಕಚೇರಿಯ ಏಸಿಯಿಂದ ಹೊರಬಂದಾಗ ಕನ್ನಡಕ ಸ್ವಲ್ಪ ಮಸುಕಾಗುವುದು ಅವನಿಗೆ ಈಗೀಗ ರೂಢಿಯಾಗಿತ್ತು. ಇದು ಹಾಗಲ್ಲ. ಗಾಜಿನ ಮೇಲೆ ನೀರು ಕಟ್ಟಿ, ಹನಿಯಾಗಿ, ಮೂಗಿನ ಪಕ್ಕದಿಂದ ಗಲ್ಲಕ್ಕೆ ಇಳಿಯತೊಡಗಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿದ, ಮತ್ತೆ ಬೆಳ್ಳಗಾಯಿತು. ಮೂರು ಸಲ ಒರೆಸಿದ.

ಬಾಗಿಲ ಬಳಿ ನಿಂತಿದ್ದ ಲೋಲಾಕ್ಷಿ ನಕ್ಕಳು. "ನಿಮ್ಮ ಊರಲ್ಲಿ ಹೀಗೆ ಆಗುವುದಿಲ್ವಾ?"

"ನಮ್ಮ ಕಡಿ ಗಾಳ್ಯಾಗ ಧೂಳಿರ್ತದ್ರಿ, ನೀರಿರಂಗಿಲ್ಲ..." ಎಂದವನು ಮಾತು ನಿಲ್ಲಿಸಿದ. ಒದ್ದೆಯಾದ ಅಂಗಿಯ ತುದಿಯನ್ನು ನೋಡಿದ. ಆಮೇಲೆ ಬಾಗಿಲನ್ನು. ಸಮುದ್ರದ ಕಡೆಯಿಂದ ಬೆಚ್ಚನೆಯ ಗಾಳಿ ದಬದಬ ಒಳಗೆ ನುಗ್ಗುತ್ತಿತ್ತು. "ಮೇಡಂ, ಒಳಗ ಮ್ಯಾಲೆ ಕೂಲರ್ ಅದಾವಲ್ರಿ, ಅವಕ್ಕ ಹಿಮ ಹಿಡಿತದೇನು?"

"ಹಿಡಿಯದೆ? ಬಿಳಿ ಗಡ್ಡ ಬಂದ ಹಾಗೆ ಹಿಡೀತದೆ. ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ಬಿಸಿ ಮಾಡಿ ಕರಗಿಸ್ಬೇಕು. ಇಲ್ಲದಿದ್ರೆ ಫ್ಯಾನ್ ನಿಲ್ತದೆ."

"ಕರಗಿದ ನೀರು ಎಲ್ಲಿಗೆ ಹೋಗ್ತದ್ರಿ?"

"ಪೈಪಲ್ಲಿ ಚರಂಡಿಗೆ. ಮತ್ತೆಲ್ಲಿಗೆ?" ಎಂದ ಲೋಲಾಕ್ಷಿ ಅರ್ಧಕ್ಕೆ ನಿಂತಳು. "ಅದು ಐಸಿನದ್ದೇ ನೀರಲ್ವಾ?"

"ಐಸು ಕೆಳಗದರಿ. ಹಿಮ ಮ್ಯಾಲದ. ಅದು ಗಾಳಿಯಿಂದ ಬಂದದ್ದು. ಸಮುದ್ರದ ನೀರು ಆವಿಯಾಗಿ ಹಾರುವಾಗ ಉಪ್ಪನ್ನೂ ಬಿಟ್ಟು ಬರ್ತದ, ಗುರುತನ್ನೂ ಬಿಟ್ಟು ಬರ್ತದ. ಅದಕ್ಕ ಮೀಟರ್‌ದಾಗ ಉಪ್ಪಿಲ್ಲ, ಓದುಯಂತ್ರದಾಗ ಗುರುತಿಲ್ಲ!"

ಗಂಟೆ ಒಂದೂವರೆ. ಎರಡು ಗಂಟೆಯ ಕರಗಿಸುವಿಕೆಗೆ ಅರ್ಧ ಗಂಟೆ ಕಾಯಬೇಕು. ಲೋಲಾಕ್ಷಿ ಕಾಯಲಿಲ್ಲ, ಓಡಿಹೋಗಿ ಸ್ವಿಚ್ಚು ಒತ್ತಿದಳು. ಹೂಗಾರ ಹಿಂಬದಿಯ ಪೈಪಿನ ಜೋಡಣೆ ಬಿಚ್ಚಿ ಡ್ರಮ್ ಇಟ್ಟ. ಮೊದಲು ಎರಡು ಹನಿ. ಆಮೇಲೆ ಬೆರಳು ಗಾತ್ರದ ಧಾರೆ. ಆಮೇಲೆ ಡ್ರಮ್ಮಿನ ತಳ ಡಬಡಬ ಬಡಿಯುವಷ್ಟು ನೀರು. ಮೂರು ಡ್ರಮ್ ತುಂಬಿ ನಾಲ್ಕನೆಯದಕ್ಕೆ ಬಂತು.

ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ಭುಜಂಗ, "ಎಂತ, ಪೈಪು ಒಡೆಯಿತಾ?" ಎಂದು ಕೇಳಿದ.

"ಇಲ್ಲ ಮಾರಾಯ್ರೆ" ಎಂದಳು ಲೋಲಾಕ್ಷಿ. ನಗುತ್ತಿದ್ದಳೋ ಅಳುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ. "ಕಳ್ಳ ಸಿಕ್ಕಿದ. ಗಾಳಿ!"

*

ಮೇ ಮೂವತ್ತರ ವಿಚಾರಣೆಗೆ ಹೂಗಾರ ಏಳು ದಿನದ ಅಂಕಿ ತಂದಿದ್ದ. ಐಸ್ ಎಷ್ಟು ಮಾರಾಟವಾಯಿತು ಎಂಬುದಕ್ಕೂ ಗುರುತಿಲ್ಲದ ನೀರಿಗೂ ಸಂಬಂಧವೇ ಇರಲಿಲ್ಲ. ಗಾಳಿಯ ತೇವ ಏರಿದ ದಿನ ನೀರು ಏರಿತ್ತು, ಒಣಗಾಳಿ ಬೀಸಿದ ಒಂದು ದಿನ ಅರ್ಧಕ್ಕಿಳಿದಿತ್ತು. ಪರದೆಯ ಮೇಲೆ ಎರಡು ಗೆರೆಗಳು ಕೈಹಿಡಿದು ನಡೆಯುವ ಗೆಳತಿಯರಂತೆ ಏರಿಳಿದವು.

ಪಡಿಯಾರ್ ಎಲ್ಲವನ್ನೂ ಎರಡು ಸಲ ನೋಡಿ, "ಒಪ್ಪಿದೆ" ಎಂದರು. "ಈಗ ಮೂಲ ನಮೂದಿಸಿ, ಪ್ರಮಾಣ ಮಾಡಿಸಿ, ಮುಗಿಸೋಣ."

ಅಲ್ಲಿ ಸಿಕ್ಕಿಹಾಕಿಕೊಂಡಿತು. ವರದಿಯಲ್ಲಿ ನೀರಿನ ಮೂಲ ಆರಿಸಲು ಇದ್ದದ್ದು ಐದೇ ಹೆಸರು: ನದಿ, ಕೆರೆ, ಬಾವಿ, ನಲ್ಲಿ, ಮಳೆ. ಆರಿಸದೆ ಯಂತ್ರ ಮುಂದೆ ಹೋಗುವುದಿಲ್ಲ.

"ಮಳೆ ಅಂತ ಒತ್ತಿ ಬಿಡ್ರಿ" ಎಂದ ಹೂಗಾರ ಮೆಲ್ಲಗೆ.

"ಐದು ತಿಂಗಳಿಂದ ಮಳೆ ಬಂದಿಲ್ಲ. ಸುಳ್ಳು ಹೇಳಿ ನಾನು ಪ್ರಮಾಣ ಮಾಡುವುದಿಲ್ಲ" ಎಂದಳು ಲೋಲಾಕ್ಷಿ. "ಇಷ್ಟೆಲ್ಲಾ ಆದದ್ದು ನಾನು ಕಳ್ಳಿ ಅಲ್ಲ ಅಂತ ಹೇಳ್ಲಿಕ್ಕೆ. ಈಗ ಸುಳ್ಳು ಬರೆದು ಬಚಾವಾಗುವುದಾ?"

ಪಡಿಯಾರ್ ಬೆಂಗಳೂರಿಗೆ ಫೋನ್ ಮಾಡಿದರು. ಅತ್ತಲಿಂದ ಯಾರೋ, ಗಾಳಿಯಿಂದ ನೀರು ತೆಗೆಯಲು ಇವರ ಬಳಿ ಪರವಾನಗಿ ಇದೆಯೇ ಎಂದು ಕೇಳಿದರು. "ಸ್ವಾಮಿ, ನಿಮ್ಮ ಕೋಣೆಯ ಏಸಿಯ ಪೈಪಿನಿಂದಲೂ ಅದೇ ನೀರು ತೊಟ್ಟಿಕ್ಕುತ್ತಿದೆ. ನಿಮ್ಮ ಪರವಾನಗಿ ತೋರಿಸುತ್ತೀರಾ?" ಎಂದರು ಪಡಿಯಾರ್. ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಲವತ್ತು ನಿಮಿಷದ ನಂತರ ಪಟ್ಟಿಯಲ್ಲಿ ಆರನೆಯ ಹೆಸರು ಮೂಡಿತು: ಗಾಳಿ. ಲೋಲಾಕ್ಷಿ ಬೆರಳೊತ್ತಿ ಪ್ರಮಾಣ ಮಾಡಿದಳು. ಕೆಂಪು ಸಾಲು ಹಸಿರಾಯಿತು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಫ್ಲೋರಿನ್ ಆಗ ಎದ್ದು ನಿಂತಳು. ಅವಳ ಧ್ವನಿ ಗಟ್ಟಿಯಾಗಿರಲಿಲ್ಲ.

"ಹಾಗಾದ್ರೆ ಸರ್, ನನ್ನ ಬಾವಿ ಉಪ್ಪಾದದ್ದು ಯಾರಿಂದ?"

ಹೂಗಾರ ಅವಳ ಹತ್ತಿರ ಬಂದು ಹೇಳಿದ. "ಒಬ್ಬರಿಂದ ಅಲ್ರಿ ಅವ್ವಾರ. ನೆಲದಾಗ ಸಿಹಿನೀರು ಸಮುದ್ರವನ್ನ ಹಿಂದಕ್ಕ ಒತ್ತಿ ಹಿಡಿದಿರ್ತದ. ಐವತ್ತು ವರ್ಷ ಎಲ್ಲಾರೂ ಕೂಡಿ ಸಿಹಿನೀರು ಎತ್ತಿದ್ರು. ಒತ್ತೋ ಕೈ ಸೋತಿತು, ಸಮುದ್ರ ಮುಂದ ಬಂತು. ಮತ್ತ ಸಿಹಿನೀರು ಕೆಳಗ ಇಳಿಸಿದ್ರ ಮಾತ್ರ ಅದು ಹಿಂದ ಹೋಗೋದು."

ಫ್ಲೋರಿನ್ ತಲೆದೂಗಿ ಕೂತಳು. ಬಸ್ಸಿನಲ್ಲಿ ವಾಪಸು ಬರುವಾಗ ಲೋಲಾಕ್ಷಿ ಮುಂದಿನ ಸೀಟಿನಲ್ಲಿ, ಫ್ಲೋರಿನ್ ಕೊನೆಯ ಸೀಟಿನಲ್ಲಿ. ಇಬ್ಬರೂ ಇಡೀ ದಾರಿ ಕಿಟಕಿಯಿಂದಾಚೆ ನೋಡುತ್ತಿದ್ದರು.

*

ಮುಂದಿನ ಭಾನುವಾರ ಚರ್ಚ್ ಮುಗಿಸಿ ಫ್ಲೋರಿನ್ ಗೇಟಿನಿಂದ ಒಳಗೆ ಬಂದಳು. ಇಷ್ಟು ವರ್ಷಗಳಲ್ಲಿ ಅವಳು ಗೇಟಿನಿಂದ ಬಂದದ್ದು ಇದೇ ಮೊದಲು. ಲೋಲಾಕ್ಷಿ ಮೀನು ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ಸಹಿ ಹಾಕಿದ್ದು ನಾನೇ" ಎಂದಳು ಫ್ಲೋರಿನ್ ಅಂಗಳದ ನಡುವೆ ನಿಂತು. "ಎರಡು ವರ್ಷದಿಂದ ಇಪ್ಪತ್ತು ಮನೆ ಆಚೆಯಿಂದ ನೀರು ಹೊರ್ತಾ ಇದ್ದೇನೆ, ಸೊಂಟ ಹೋಗಿದೆ. ನಿನ್ನ ವರದಿಯಲ್ಲಿ ಕಳ್ಳ ನೀರು ಅಂತ ಬಂದಿದೆ ಅಂತ ಕೇಳಿದ್ದೇ ನನಗೆ ತಲೆ ಕೆಟ್ಟಿತು."

"ಗೋಡೆಯ ಹತ್ರ ಬಂದು ಕೇಳ್ಲಿಕ್ಕೆ ಆಗ್ಲಿಲ್ವಾ? ಲೋಲಾ, ನೀನು ಕದೀತಿಯಾ ಅಂತ? ಒಂದು ಮಾತು?"

"ಕೇಳಿದ್ರೆ ನೀನು ಇಲ್ಲ ಅಂತ ಹೇಳ್ತಿದ್ದಿ. ನಾನು ನಂಬ್ತಿದ್ದೆ. ಆಮೇಲೆ ನನಗೆ ಸಿಟ್ಟು ಮಾಡ್ಲಿಕ್ಕೆ ಯಾರೂ ಇರ್ತಿರ್ಲಿಲ್ಲ."

ಲೋಲಾಕ್ಷಿ ಚೂರಿ ಕೆಳಗಿಟ್ಟಳು. ಎದ್ದು ಕೈ ತೊಳೆದು, ಗೋಡೆಯ ಬಳಿ ಹೋಗಿ ನಿಂತು ಆಚೆಯ ಬಾವಿಕಟ್ಟೆಯನ್ನು ನೋಡಿದಳು. ಪ್ಲಾಂಟಿನ ಹಿಂಬದಿಯ ಪೈಪಿನಿಂದ ಬಾವಿಗೆ ಹೆಚ್ಚೆಂದರೆ ಹದಿನೈದು ಹೆಜ್ಜೆ.

"ಆ ಎಂಜಿನಿಯರ್ ಹೇಳಿದ್ದು ಕೇಳಿದಿಯಲ್ಲ, ಸಿಹಿನೀರು ಕೆಳಗೆ ಇಳಿಸ್ಬೇಕಂತೆ. ದಿನಕ್ಕೆ ಒಂದೂವರೆ ಸಾವಿರ ಲೀಟರ್ ನಾನು ಸುಮ್ಮನೆ ಸಮುದ್ರಕ್ಕೆ ಬಿಡ್ತಾ ಇದ್ದೇನೆ."

"ನನ್ನ ಬಾವಿಗೆ ನಿನ್ನ ಕೂಲರಿನ ಬೆವರು ಹಾಕ್ತಿಯಾ?"

"ಬೇಡದಿದ್ರೆ ಬಿಡು."

"ಬೇಡ ಅಂತ ಎಲ್ಲಿ ಹೇಳಿದೆ?" ಫ್ಲೋರಿನ್ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗಿನಿಂದ ಭುಜಂಗ, "ಇಬ್ಬರಿಗೂ ಚಾ ಮಾಡ್ಲಾ, ಜಗಳ ಇನ್ನೂ ಉಂಟಾ?" ಎಂದು ಕೂಗಿದ. ಜಗಳ ಇನ್ನೂ ಇದೆ, ಚಾ ಕೂಡ ಮಾಡಿ ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಆದರೆ ಅವರು ಕರೆಸಿ ಕೇಳಿದಾಗ ಲೆಕ್ಕ ಹಾಕಿದ ಹೂಗಾರ ತಲೆ ಕೆರೆದುಕೊಂಡ. ಒಂದು ಪ್ಲಾಂಟಿನ ನೀರಿನಿಂದ ಸಮುದ್ರ ಹಿಂದೆ ಸರಿಯುವುದಿಲ್ಲ. ಬಂದರಿನಲ್ಲಿ ಐಸ್ ಪ್ಲಾಂಟು, ಶೀತಲ ಗೋದಾಮು ಸೇರಿ ಇನ್ನೂ ಹತ್ತು ಇವೆ. ಎಲ್ಲರ ಕೂಲರಿಗೂ ಗಡ್ಡ ಬರುತ್ತದೆ, ಎಲ್ಲರ ನೀರೂ ಸಮುದ್ರಕ್ಕೆ ಹೋಗುತ್ತದೆ. ಅವರನ್ನು ಒಪ್ಪಿಸುವುದು ಹೇಗೆ?

"ಅದು ನನಗೆ ಬಿಡಿ" ಎಂದಳು ಲೋಲಾಕ್ಷಿ. ಜೂನ್, ಜುಲೈ ಬೋಟುಗಳೆಲ್ಲ ದಡದಲ್ಲಿದ್ದವು, ಪ್ಲಾಂಟುಗಳಿಗೆ ಕೆಲಸವಿರಲಿಲ್ಲ. ಅವಳು ಫ್ಲೋರಿನ್‌ಳನ್ನು ಜೊತೆಗಿಟ್ಟುಕೊಂಡು ಮಳೆಯಲ್ಲಿ ಒಂದೊಂದೇ ಪ್ಲಾಂಟಿಗೆ ಹೋದಳು. ಮುಂದಿನ ವರ್ಷ ಎಲ್ಲರ ಚರಂಡಿಗೂ ಓದುಯಂತ್ರ ಬರುತ್ತದೆ, ಎಲ್ಲರ ವರದಿಯಲ್ಲೂ ಕೆಂಪು ಸಾಲು ಮೂಡುತ್ತದೆ, ಈಗಲೇ ಆ ನೀರನ್ನು ನೆಲಕ್ಕಿಳಿಸಿದರೆ ಅದೇ ಸಾಲು ಉಳಿತಾಯದ ಕಡೆ ಸೇರುತ್ತದೆ ಎಂದು ವಿವರಿಸಿದಳು. ಕೆಲವರು ಕೂಡಲೇ ಒಪ್ಪಿದರು. ಒಬ್ಬರು ಮಾತ್ರ, ಪ್ರಮಾಣಪತ್ರ ಈ ಸಲವೂ ನಿಮಗೇ ಹೋಗುವುದಾದರೆ ನನಗೇಕೆ ಈ ಉಸಾಬರಿ ಎಂದರು. "ಈ ಸಲ ನೀವೇ ತಗೊಳ್ಳಿ, ನನ್ನ ಗೋಡೆಯಲ್ಲಿ ಮೊಳೆ ಹೊಡೀಲಿಕ್ಕೆ ಜಾಗ ಇಲ್ಲ" ಎಂದಳು ಲೋಲಾಕ್ಷಿ. ಅವರೂ ಒಪ್ಪಿದರು.

ಬಂದರಿನ ಹಿಂದಿನ ಮನೆಗಳ ಸಾಲಿನುದ್ದಕ್ಕೂ ಆಳುದ್ದದ ಹನ್ನೊಂದು ಗುಂಡಿಗಳಾದವು. ಪ್ರತಿಯೊಂದಕ್ಕೂ ಜಲ್ಲಿ, ಇದ್ದಿಲು, ಮರಳು ತುಂಬಿದರು. ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದ ದಿನದಿಂದ ಗಾಳಿಯ ನೀರು ನೆಲಕ್ಕಿಳಿಯತೊಡಗಿತು. ಮಳೆ ನಿಂತ ಮೇಲೂ ನಿಲ್ಲಲಿಲ್ಲ. ಡಿಸೆಂಬರ್, ಜನವರಿ, ಸುಡುವ ಮಾರ್ಚ್. ಸೆಖೆ ಹೆಚ್ಚಿದಷ್ಟೂ ನೀರು ಹೆಚ್ಚು. ಹೂಗಾರ ಪ್ರತಿ ತಿಂಗಳು ಬಂದು ಫ್ಲೋರಿನ್‌ಳ ಬಾವಿಗೆ ಮೀಟರ್ ಇಳಿಸುತ್ತಿದ್ದ. ಸಾವಿರದ ಒಂಬೈನೂರು ಇದ್ದದ್ದು ಸಾವಿರದ ನಾನೂರಾಯಿತು. ಫೆಬ್ರುವರಿಯಲ್ಲಿ ಅಲ್ಲೇ ನಿಂತುಬಿಟ್ಟಿತು. ಎಲ್ಲರಿಗೂ ಗಾಬರಿಯಾಯಿತು. ಹೋಗಿ ನೋಡಿದರೆ ಎರಡು ಗುಂಡಿಗಳ ಮರಳಿಗೆ ಪಾಚಿ ಕಟ್ಟಿ ನೀರು ಇಳಿಯುತ್ತಿರಲಿಲ್ಲ. ಮರಳು ಬದಲಿಸಿದರು. ಸಾವಿರಕ್ಕಿಳಿಯಿತು, ಎಂಟುನೂರಕ್ಕಿಳಿಯಿತು.

ಮತ್ತೊಂದು ಮೇ ಬಂತು. ಜಲ ಕೇಂದ್ರದಲ್ಲಿ ಪಡಿಯಾರ್ ತಲೆಯ ಮೇಲೆ ಕೈಹೊತ್ತು ಕೂತಿದ್ದರು, ಆದರೆ ಮುಖದಲ್ಲಿ ನಗುವಿತ್ತು. ಗಾಳಿ ಎಂಬ ಆರನೆಯ ಹೆಸರನ್ನು ಇನ್ನೂರ ಮೂವತ್ತು ಪರವಾನಗಿದಾರರು ಒತ್ತಿದ್ದರು. ಐಸ್‌ಕ್ರೀಂ ಕಾರ್ಖಾನೆ, ಆಸ್ಪತ್ರೆ, ಮದುವೆ ಹಾಲ್, ಸಿನಿಮಾ ಮಂದಿರ. ಕಾಪುವಿನ ಒಬ್ಬ ಹೋಟೆಲಿನವರು ತಮ್ಮ ಫ್ರಿಜ್ಜಿನ ಹಿಂದೆ ಸಂಗ್ರಹವಾದ ಮುಕ್ಕಾಲು ಲೀಟರನ್ನೂ ಫೋಟೊ ಸಮೇತ ವರದಿ ಮಾಡಿದ್ದರು.

"ಎಲ್ಲಾ ನೀವೇ ಓದಿ" ಎಂದು ಪಡಿಯಾರ್ ಕಂತೆಯನ್ನು ಹೂಗಾರನ ಕಡೆ ತಳ್ಳಿದರು. ಅವನು ಓದುತ್ತ ಕೂತಿದ್ದಾಗ ಫೋನ್ ಬಂತು. ಫ್ಲೋರಿನ್.

"ಸರ್, ಈಗಲೇ ಬನ್ನಿ. ಬಾವಿ!"

ಮತ್ತೇನು ಕೆಟ್ಟಿತೋ ಎಂದು ಅವನು ಸ್ಕೂಟರ್ ಓಡಿಸಿದ. ಬಂದು ನೋಡಿದರೆ ಫ್ಲೋರಿನ್‌ಳ ಜಗಲಿಯಲ್ಲಿ ಲೋಲಾಕ್ಷಿ, ಭುಜಂಗ ಇಬ್ಬರೂ ಬಟ್ಟಲ ಮುಂದೆ ಕೂತಿದ್ದರು. ಅವನಿಗೂ ಒಂದು ಮಣೆ ಹಾಕಿತ್ತು. ಮೀಟರ್ ತೆಗೆಯಲು ಹೋದವನ ಕೈಯನ್ನು ಫ್ಲೋರಿನ್ ತಡೆದಳು.

"ಅದು ಆಮೇಲೆ. ಮೊದಲು ಉಣ್ಣಿ."

ಬಟ್ಟಲಿಗೆ ಬಿಸಿ ಕುಚ್ಚಲಕ್ಕಿ ಗಂಜಿ ಬಿತ್ತು. ಪಕ್ಕದಲ್ಲಿ ಮಾವಿನ ಮಿಡಿ, ಒಣ ಸಿಗಡಿ ಚಟ್ನಿ. ಹೂಗಾರ ಒಂದು ತುತ್ತು ಬಾಯಿಗಿಟ್ಟ. ಏನೋ ಕಡಿಮೆಯಾಗಿದೆ ಎನಿಸಿತು, ಹೇಳುವುದು ಹೇಗೆಂದು ಸಂಕೋಚಪಟ್ಟ. ಭುಜಂಗನಿಗೆ ಸಂಕೋಚವಿರಲಿಲ್ಲ.

"ಎಂತ ಫ್ಲೋರಿನ್ ಬಾಯಿ, ಗಂಜಿ ಸಪ್ಪೆ ಉಂಟಲ್ಲ? ಉಪ್ಪೇ ಹಾಕ್ಲಿಲ್ವಾ?"

"ಬಾವಿಯ ನೀರಲ್ಲೇ ಮಾಡಿದ್ದು" ಎಂದಳು ಫ್ಲೋರಿನ್. "ಬಾವಿ ಕೆಟ್ಟ ಮೇಲೆ ನೀರು ಹೊತ್ತು ತರ್ಲಿಕ್ಕೆ ಆಗದ ದಿನ ಇದರಲ್ಲೇ ಬೇಯಿಸ್ತಿದ್ದೆ, ಉಪ್ಪು ಹಾಕ್ಲಿಕ್ಕೇ ಇರ್ಲಿಲ್ಲ. ಹಾಕುವ ಅಭ್ಯಾಸವೇ ಹೋಗಿದೆ. ಇವತ್ತು ರುಚಿ ನೋಡಿದೆ. ಸಪ್ಪೆ!"

ಲೋಲಾಕ್ಷಿ ಎದ್ದು ಅಡುಗೆಮನೆಗೆ ಹೋದಳು, ಉಪ್ಪಿನ ಭರಣಿ ಹುಡುಕಿ ತಂದಳು, ಎಲ್ಲರ ಬಟ್ಟಲಿಗೂ ಒಂದೊಂದು ಚಿಟಿಕೆ ಹಾಕಿದಳು. ಫ್ಲೋರಿನ್‌ಳ ಬಟ್ಟಲಿಗೆ ಎರಡು ಚಿಟಿಕೆ.